ಉಡಿಯಕ್ಕಿ

ಗೋವೆಯ ಪೊಳೆಂ ಗೇಟಿನಿಂದ ಮಾಜಾಳಿಯ ಗೇಟಿಗೆ
ಎಲೆ ಹಾಕಿದ ಬಾಯಿ ಕೆಂಪಾಗುವಷ್ಟು ದಾರಿ.
ಗಂಡನ ಮನೆ ಫಿರಂಗಿಯವರದು, ತವರು ಇಂಗ್ರೇಜಿಯವರದು,
ನಡುವಿನ ಗೇರುಗುಡ್ಡ ಯಾರದೂ ಅಲ್ಲ.

ಮದುವೆಯ ವರ್ಷ ಆಯಿ ಉಡಿ ತುಂಬಿದ್ದಳು
ಐದು ಬೊಗಸೆ ಅಕ್ಕಿ, ಒಂದು ಕಾಯಿ, ಅರಿಸಿನದ ಕೊಂಬು.
ನಮ್ಮ ಗೇಟಿನ ಕಾಯ್ತಾನ್ ಬಿಚ್ಚಿ ತೋರಿಸೆನ್ನಲಿಲ್ಲ.
ಸೆರಗಿನ ಗಂಟು ನೋಡಿ ಟೊಪ್ಪಿ ಮುಟ್ಟಿ
"ತವರಿಂದಲೋ?" ಅಂದ. ಅಷ್ಟೇ.

ಆಮೇಲೆ ರಂಗೂನಿನ ಅಕ್ಕಿ ನಿಂತಿತು.
ರಂಗೂನ್ ಯಾವ ದಿಕ್ಕೆಂದು ಅತ್ತೆಗೆ ಗೊತ್ತಿಲ್ಲ,
ಅದು ಬಿದ್ದ ಸದ್ದು ಮಾತ್ರ ಗಡಿಗೆಯ ತಳದಲ್ಲಿ ಕೇಳಿಸಿತು.
"ನಮ್ಮ ಸರಕಾರ ಯುದ್ಧದಲ್ಲಿ ಇಲ್ಲ" ಎಂದು
ರೆಜೆದೋರ ಕಟ್ಟೆಯ ಮೇಲೆ ನಿಂತು ಓದಿದ.
ಓದುವಾಗ ಅವನ ಹೊಟ್ಟೆಯೂ ಗುಳುಗುಟ್ಟಿತು.

ರಾತ್ರಿ ಗುಡ್ಡ ಹತ್ತಿ ನೋಡಿದರೆ
ಕಾರವಾರದ ಕಡೆ ದೀಪ ಹಚ್ಚಬಾರದೆಂದು ಹುಕುಂ.
ನಮ್ಮ ಕಡೆ ಹಚ್ಚಬಹುದು.
ಎಣ್ಣೆಯಿಲ್ಲ.

ಅವರು (ಹೆಸರು ಹೇಳುವುದಿಲ್ಲ ನಾನು)
ಮುಂಬಯಿಗೆ ಹೋಗಿ ಇಂಗ್ರೇಜಿಯವರ ಹಡಗು ಹತ್ತಿದರು,
ಬೆಂಕಿಯ ಬಾಯಿಗೆ ಕಲ್ಲಿದ್ದಲು ಉಣಿಸುವ ಕೆಲಸ.
ಮೊದಲ ಕಾಗದದ ಜೊತೆ ಹದಿನೆಂಟು ರೂಪಾಯಿ.
ಎರಡನೆಯದು ಯಾರಿಂದಲೋ ಬರೆಸಿದ ಆರು ಸಾಲು,
ಮೂರಕ್ಕೆ ಕರಿಮಸಿ ಬಳಿದಿದ್ದರು.
ಆ ಮಸಿಯನ್ನು ಬಿಸಿಲಿಗೆ ಹಿಡಿದು ಹಿಡಿದು ನೋಡಿದೆ.
ಓದಲು ಬರುವುದಿಲ್ಲ ನನಗೆ. ಆದರೂ.

ಆಯಿಯ ಉಡಿ ಹಿಗ್ಗತೊಡಗಿತು.
ಹೊಟ್ಟೆಗೆ ಚೀಲ ಕಟ್ಟಿ, ಮೇಲೆ ಸೀರೆ ಬಿಗಿದು
ಬಸುರಿಯಂತೆ ನಡೆಯಲು ಅವಳೇ ಕಲಿಸಿದಳು:
ಒಂದು ಕೈ ಸೊಂಟದ ಹಿಂದೆ, ಹಿಮ್ಮಡಿ ಮೊದಲು,
"ಅವಸರ ಬೇಡ ಆವಡಿ, ಬಸುರಿಗೆಲ್ಲಿಯ ಅವಸರ."
ಆಷಾಢದಿಂದ ಚೌತಿಯೊಳಗೆ ನಾಲ್ಕು ಸಲ ಬಸುರಾದೆ.
ಮನೆಗೆ ಬಂದು ಹಡೆದೆ, ಅತ್ತೆ ಸೇರಿನಲ್ಲಿ ಅಳೆದಳು.

ಮಾಜಾಳಿ ಗೇಟಿನ ಹಮ್ಮಣ್ಣ ಬೆತ್ತ ಆಡಿಸುತ್ತ ಕೇಳಿದ:
"ಎಷ್ಟನೇ ತಿಂಗಳು?"
"ಏಳು."
"ಹೋದ ವಾರವೂ ಏಳೇ ಇತ್ತಲ್ಲ ತಂಗಿ."
ಮತ್ತೆ ಅತ್ತ ಇತ್ತ ನೋಡಿ
ಟೊಪ್ಪಿ ತೆಗೆದು ಅಂಗಾತ ಮಾಡಿ ಒಡ್ಡಿದ.
ಎರಡು ಪಾವು ಹಿಡಿಯುತ್ತದೆ ಸರಕಾರದ ಟೊಪ್ಪಿ.

ದೀವಳಿಗೆ ಕಳೆದು ಮುಂಬಯಿಯಿಂದ ಮೊಹರಿನ ಕಾಗದ.
"ಸತ್ತನೆಂದು ಬರೆದಿಲ್ಲ" ಅಂದ ರೆಜೆದೋರ,
"ಕಾಣುತ್ತಿಲ್ಲ ಎಂದು ಬರೆದಿದ್ದಾರೆ.
ರಿಜಿಸ್ಟರಿಗೆ ಬೇಕು, ಗಂಡನ ಹೆಸರು ಹೇಳು."
ಅತ್ತೆಯ ಕಡೆ ನೋಡಿದೆ. ಅವಳ ಬಾಯಲ್ಲಿ ಸೆರಗಿತ್ತು.
ಹೇಳಿದೆ, ಮೊದಲ ಸಲ,
ಹಲ್ಲಿಗೆ ಮರಳು ಸಿಕ್ಕಂತಾಯಿತು.
ಅವನು ಬರೆದುಕೊಂಡ, ಕಾಗುಣಿತ ಕೇಳಲಿಲ್ಲ.

ಕುಂಕುಮ ಇಡಲೋ ಅಳಿಸಲೋ,
ಊರಿಗೂ ತಿಳಿಯಲಿಲ್ಲ, ಭಟ್ಟರಿಗೂ.
ಒಂದು ದಿನ ಇಟ್ಟೆ, ಒಂದು ದಿನ ಮರೆತೆ.

ತವರಿಗೆ ಹೋದೆ. ಹೊರಡುವ ಹೊತ್ತಿಗೆ
ಆಯಿ ಅಕ್ಕಿಮುಡಿಯ ಹತ್ತಿರ ಸುಮ್ಮನೆ ನಿಂತಳು.
ಬಾಗಿಲಲ್ಲಿ ಅತ್ತಿಗೆ, ಮೆಲ್ಲಗೆ: "ಉಡಿ ಮುತ್ತೈದೆಗಲ್ಲವೇ…"
ಆಯಿ ಕೇಳಿಸಿಕೊಂಡಳು. ಬೊಗಸೆ ತುಂಬಿದಳು.
ಒಂದು. ಎರಡು.
ಮೂರನೆಯದು ನಡುಗಿ ಅರ್ಧ ನೆಲಕ್ಕೆ ಬಿತ್ತು,
ಬಗ್ಗಿ ಒಂದೊಂದೇ ಕಾಳು ಹೆಕ್ಕಿದಳು.
ಐದು. ಐದೇ.
ಚೀಲವಿಲ್ಲ ಇವತ್ತು, ಹೊಟ್ಟೆಯಿಲ್ಲ.

ಹಮ್ಮಣ್ಣನ ಬೆತ್ತ ಗಂಟಿನವರೆಗೆ ಬಂತು.
"ಏನದು?"
"ಉಡಿ."
ಹಣೆ ನೋಡಿದ. ಬೆತ್ತ ಹಿಂದೆ ಹೋಯಿತು.
ಟೊಪ್ಪಿ ತೆಗೆದ, ನಾನು ಗಂಟಿಗೆ ಕೈಹಾಕಿದೆ,
ಅವನು ಅದನ್ನು ಎದೆಗೊತ್ತಿಕೊಂಡು ನಿಂತ,
ಅಂಗಾತ ಮಾಡಲಿಲ್ಲ.

ಗುಡ್ಡದಲ್ಲಿ ಗೇರು ಹೂಬಿಟ್ಟಿತ್ತು.
ಅವಸರವಿರಲಿಲ್ಲ, ಆದರೂ ಬೇಗ ಬೇಗ ನಡೆದೆ.

ಅತ್ತೆ ಅಳೆಯಲಿಲ್ಲ.
ಒಲೆಗೆ ನೀರಿಟ್ಟು ಕಲ್ಲು ಆರಿಸಿದಳು, ಕತ್ತಲಲ್ಲಿ,
ಬೆರಳಿಂದ.
ಉಂಡೆವು ಇಬ್ಬರೂ.
ಹಸಿವಾಗಿತ್ತು.