ಹಕ್ಕಿ ಎಣಿಕೆ, ಬಾಗಲಕೋಟೆ

ಹಳೇ ಊರಿನ ಕೊನೆಯ ಚಹಾದಂಗಡಿ ದಾಟಿದರೆ
ಟಾರು ರಸ್ತೆ ಹೇಳದೆ ಕೇಳದೆ
ನೀರಿಗಿಳಿದು ಹೋಗುತ್ತದೆ.
ಅಲ್ಲೇ ಅರಣ್ಯ ಇಲಾಖೆಯ ಹಸಿರು ಬೋರ್ಡು,
ಬೋರ್ಡಿನ ಮೇಲೆ ನೀರುಕಾಗೆ, ರೆಕ್ಕೆ ಒಣಹಾಕಿಕೊಂಡು.

ಬೆಳಿಗ್ಗೆ ಆರೂವರೆ. ನನ್ನ ಕೈಯಲ್ಲಿ ಎಣಿಕೆಯ ನಮೂನೆ.
ಇಲಾಖೆಯವರು ಜೊತೆಗೆ ಕೊಟ್ಟದ್ದು ದಾವಲಸಾಬರನ್ನು,
ಮೂವತ್ತೊಂದು ವರ್ಷ ಟಪಾಲು ಹಂಚಿದವರು.
ದುರ್ಬೀನು ಬೇಡವೆಂದರು.
ಹುಬ್ಬಿಗೆ ಅಂಗೈ ಅಡ್ಡ ಹಿಡಿದು, ಬೆರಳು ಚಾಚಿ, ಶುರು:

"ಬರ್ಕೋರಿ. ಅತ್ತಾರ ಓಣಿ, ಹನ್ನೆರಡನೇ ನಂಬರ್,
ಪಟ್ಟೆತಲೆ ಬಾತು, ನಲವತ್ತು.
ಸೀಮೆಎಣ್ಣಿ ಅಂಗಡಿ ಮುಂದ ಚಮಚಗೊಕ್ಕು, ಮೂರು.
ಹಿಟ್ಟಿನ ಗಿರಣಿ... ತಡೀರಿ, ಗಿರಣಿ ಮ್ಯಾಲ ಏನೂ ಇಲ್ಲ."

ನನಗೆ ಕಾಣುವುದು ನೀರು.
ಬೂದು, ಅದರಾಚೆ ಇನ್ನಷ್ಟು ಬೂದು,
ಕುತ್ತಿಗೆವರೆಗೆ ಮುಳುಗಿದ ಒಂದು ಜಾಲಿ.
ನಮೂನೆಯಲ್ಲಿ ಆವಾಸಕ್ಕೆ ನಾಲ್ಕೇ ಮನೆ:
ಕೆಸರು, ಹುಲ್ಲು, ಮರ, ತೆರೆದ ನೀರು.
ಅತ್ತಾರ ಓಣಿಯನ್ನು ಯಾವುದರಲ್ಲಿ ಕೂರಿಸಲಿ?
ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ, ಸಣ್ಣಗೆ ಬರೆದೆ.

"ಈ ಬಾತು ಮಂಗೋಲಿಯಾದಿಂದ ಬರ್ತಾವು," ಅಂದೆ.
"ಹೌದಾ? ಪಿನ್‌ಕೋಡ್ ಇಲ್ದ ಬರ್ತಾವು ನೋಡ್ರಿ.
ನಾವು ಎದ್ದು ಹೋದ ಮ್ಯಾಲೂ ಎರಡು ವರ್ಷ
ಕಾಗದ ಬರ್ತಿದ್ವು ಈ ನೀರಿಗೆ.
ಒಂದೊಂದರ ಮ್ಯಾಲೂ ಬರೀತಿದ್ದೆ: ಮನಿ ಬಿಟ್ಟಾರ.
ಮನಿನೇ ಬಿಟ್ಟು ಹೋಗೇತಿ ಅನ್ನಾಕ
ನಮ್ಮ ಆಫೀಸಿನ್ಯಾಗ ಸಿಕ್ಕಾ ಇರಲಿಲ್ಲ."

ಬಿಸಿಲೇರಿತು. ಸಜ್ಜಿರೊಟ್ಟಿ ಬಿಚ್ಚಿದೆವು, ಕೆಂಪು ಚಟ್ನಿ.
ದೂರದಲ್ಲಿ ತೆಪ್ಪದವನೊಬ್ಬ ಬಲೆ ಎಳೆಯುತ್ತಿದ್ದ.
"ಮಸೂತಿ ಕಟ್ಟಿ ಹತ್ರ ಅದಾನ,"
ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಹೇಳಿದರು.

ಒಂದು ಕಡೆ ಮಾತ್ರ ಬೆರಳು ನಿಲ್ಲದೆ ದಾಟಿತ್ತು.
ಅಲ್ಲಿ ಎರಡು ಮೆಟ್ಟುಗಾಲು ಹಕ್ಕಿ, ಗುಲಾಬಿ ಕಾಲು,
ಗೇಣುದ್ದ ನೀರಲ್ಲಿ ಏನನ್ನೋ ಹುಡುಕುತ್ತಿದ್ದವು.
"ಅವು?" ಅಂದೆ.
"ಅವನ್ನ ನೀವ ಎಣಸ್ರಿ," ಅಂದು
ಚಪ್ಪಲಿಯ ಕೆಸರನ್ನು ಕಲ್ಲಿಗೆ ತಿಕ್ಕತೊಡಗಿದರು.
ಬಹಳ ಹೊತ್ತು ತಿಕ್ಕಿದರು.

ಅಷ್ಟರಲ್ಲಿ ಮೇಲೊಂದು ಹದ್ದು ತಿರುಗಿತು.
ಇಡೀ ಓಣಿ ಎದ್ದಿತು,
ನಲವತ್ತೂ ಒಮ್ಮೆಗೇ, ಕಿವಿ ತುಂಬ ಗದ್ದಲ,
ಒಂದು ಸುತ್ತು ಹಾಕಿ ಇಳಿದದ್ದು ಬೇರೆಲ್ಲೋ.

ದಾವಲಸಾಬರು ಎದ್ದು ನಿಂತರು, ಮೊಣಕಾಲು ಹಿಡಿದು.
"ಅಳಿಸ್ರಿ ಅದನ್ನ. ಈಗ ಶಾಲಿ ಬಯಲಿಗೆ ಬಂದಾವು.
ಮತ್ತ ಮೊದಲಿಂದ."