ಅರ್ಧ ಮಾತು

ಗಂಗಾವತಿಯಿಂದ ಆನೆಗೊಂದಿಗೆ ಹೋಗುವಾಗ
ಬಸ್ಸಿನ ಕಿಟಕಿಗೆ ಕೂತು ನೋಡ್ರಿ:
ಗುಡ್ಡದ ಮ್ಯಾಲೆ ಗುಂಡು, ಗುಂಡಿನ ಮ್ಯಾಲೆ ಗುಂಡು,
ಒಂದೊಂದು ತುದಿಬೆರಳಲ್ಲಿ ನಿಂತು
ಈಗ ಬಿದ್ದೆ, ಇನ್ನೇನು ಬಿದ್ದೆ ಅನ್ನುತ್ತ
ಬೀಳದೆ ನಿಂತಾವ.

ಅವು ಬೀಳಲಿಕ್ಕೆ ನಿಂತವಲ್ಲ. ಹೊಂಟಿದ್ದವು.
ಹೊಂಟಲ್ಲೇ ನಿಂತವು.

ಕಾಚರಸನೆಂಬ ದೊರೆಯಿದ್ದನಂತೆ ಇಲ್ಲಿ.
ಅಪ್ಪ ಉಳಿಗೆ ನೀರು ಕುಡಿಸುತ್ತ ಹೇಳಿದ್ದು.
ಅವನ ಬಾಯಲ್ಲೊಂದು ಮಾತಿತ್ತು, ಒಂದೇ ಒಂದು;
ಆಡಿದರೆ ಆನೆಗಾತ್ರದ ಕಲ್ಲು
ಎತ್ತಿನಂಗ ತಲೆ ತಗ್ಗಿಸಿ ಹಿಂದೆ ಬರುತ್ತಿತ್ತು.
ಬಡಗಣ ದಂಡು ಏರಿ ಬಂದಾಗ
ಕೋಟೆ ತಾನೇ ಎದ್ದು ಎರಡು ಹರದಾರಿ
ಮುಂದಕ್ಕೆ ನಡೆದು ಕೂತಿತು.
ಹೊಳೆಗೆ ಸೊಕ್ಕು ಬಂದ ವರ್ಷ
ಕಲ್ಲುಗಳು ಸಾಲಾಗಿ ನೀರಿಗಿಳಿದು
ಎದೆಮಟ ನಿಂತು ಊರು ಕಾಯ್ದವು.

ಆ ಮಾತು ಮುಂದೆ ಯಾರಿಗೆ?
ಕೇಳಿದವಳು ಒಬ್ಬಳೇ, ಅಡಿಗೆಮನೆಯ ನೀಲವ್ವ,
ಸಜ್ಜಿರೊಟ್ಟಿ ಬಡಿಯುತ್ತ:
"ಧಣ್ಯಾರ, ನಾಳೆ ನಿಮ್ಮ ನಾಲಿಗೆ ತೊದಲಿದರ?"
ದೊರೆ ನಕ್ಕ. ಆ ನಗುವಿಗೇ ಮೂಲೆಯ ಒರಳು ಬೆಚ್ಚಿ
ಎರಡು ಗೇಣು ಸರಿಯಿತು.
"ಅರವತ್ತಾಗಲಿ, ಹೇಳೋಣ."
ಅರವತ್ತಾಯಿತು.
"ಮಗಳ ಮದುವೆ ಮುಗೀಲಿ."
ಮುಗಿಯಿತು, ಅಳಿಯ ಸತ್ತು ಮಗಳು ತಿರುಗಿಯೂ ಬಂದಳು.
"ಇದೊಂದು ಬಾವಿ ಕಟ್ಟಿ ಬಿಡ್ತೀನಿ."

ಮಕ್ಕಳು ಮೂವರು. ಒಬ್ಬರಿಗೆ ಹೇಳಿದರೆ
ಇಬ್ಬರು ಮುನಿಯುತ್ತಾರೆ.
ಮೂವರಿಗೂ ಹೇಳಿದರೆ
ತಾನ್ಯಾರು?

ಮಾಘದ ಒಂದು ನಸುಕಿನಾಗ
ಹೊಸ ಬುರುಜಿಗೆಂದು ಸಾವಿರ ಕಲ್ಲು ಕರೆದ.
ಕುರಿಹಿಂಡಿನಂಗ ಅವು ಗುಡ್ಡ ಏರುತ್ತಿದ್ದವು,
ಒಂದರ ಬೆನ್ನಿಗೆ ಒಂದು ಹತ್ತಿ.
ಕೂತುಕೊಳ್ಳಿರೆಂದು ಹೇಳಲು ಬಾಯಿ ತೆರೆದ.
ಅರ್ಧ ಹೊರಗೆ ಬಂತು.
ಉಳಿದರ್ಧಕ್ಕೆ ಉಸಿರಿರಲಿಲ್ಲ.

ಹಿರಿಯ ಮಲ್ಲಿದೇವ ಕುದುರೆ ಏರಿ ಕೂಗಿದ:
ಏಳು, ನಡೆ, ಉರುಳು, ಬಾರೋ, ಬಾರಪ್ಪ, ಬಾರಲೇ.
ಕಿರಿಯ ಬೊಪ್ಪ ದೂರದೂರಿನ ಮಂತ್ರದವರನ್ನು ಕರೆಸಿದ;
ಅವರು ಹದಿನೆಂಟು ದಿನ ತುಪ್ಪ ಸುಟ್ಟರು,
ದಕ್ಷಿಣೆ ಎಣಿಸಿಕೊಂಡು ಹೋದರು.
ಕೊನೆಗೆ ಅಣ್ಣತಮ್ಮ ಕತ್ತಿ ಹಿರಿದರು.
ಗದ್ದಿಗೆಗೆ ಇಬ್ಬರಿದ್ದರು,
ಕಲ್ಲಿಗೆ ಒಬ್ಬನೂ ಇರಲಿಲ್ಲ.
ಮಗಳು ಚಾಗಲೆ ಏನು ಮಾಡಿದಳೆಂದು
ಕಥೆಯೊಳಗೆ ಬರುವುದಿಲ್ಲ. ಕೇಳಿದರೆ ಅಪ್ಪ
"ಒಂದು ಗುಂಡಿಗೆ ಕಿವಿ ಹಚ್ಚಿ ಕೂತಳು,
ಕೂತಳು" ಅನ್ನುತ್ತಿದ್ದ, ಅಷ್ಟೆ.

ನಮಗೆ ಆ ಮಾತು ಗೊತ್ತಿಲ್ಲ.
ನಮ್ಮದು ತಟ್ಟಿ ಕೇಳುವ ಕಸುಬು.
ಸುತ್ತಿಗೆಯ ಬೆನ್ನಿಂದ ತಟ್ಟಿದಾಗ
ಟಣ್ ಅಂದರೆ ಗಟ್ಟಿ, ದಬ್ ಅಂದರೆ ಒಳಗೆ ಬಿರುಕು,
ಎರಡರ ನಡುವೆ ಇನ್ನೂ ಹನ್ನೊಂದು ಸದ್ದು.
ಏಳು ವರ್ಷದವಳಿದ್ದಾಗ ಅಪ್ಪ ನನ್ನ ಕಿವಿಯನ್ನು
ಬಿಸಿಲಿಗೆ ಕಾದ ಬಂಡೆಗೆ ಒತ್ತಿ ಹಿಡಿದಿದ್ದ.
ಅವನಿಗೆ ಆಗಿನ್ನೂ ಕೆಮ್ಮು ಶುರುವಾಗಿರಲಿಲ್ಲ.

ಈಗಲೂ ಗುಡ್ಡದ ಬುಡಕ್ಕೆ ಹೋಗುವಾಗ
ನಾವು ಜೋರಾಗಿ ಆಕಳಿಸುವುದಿಲ್ಲ,
ಸೀನು ಬಂದರೆ ಸೆರಗಲ್ಲಿ ಹಿಡಿಯುತ್ತೇವೆ.
ಯಾವ ಸದ್ದು ಆ ಮಾತಿನ ಉಳಿದರ್ಧವೋ
ಯಾರು ಬಲ್ಲರು.

ಮೊನ್ನೆ ಮೊಮ್ಮಗಳು ಹುಲಿಗೆವ್ವ,
ಇನ್ನೂ ಮಾತು ಕೂಡದ ಕೂಸು,
ನನ್ನ ಸೊಂಟದ ಮ್ಯಾಲೆ ಕೂತು ಗುಡ್ಡ ನೋಡಿ
ಏನೋ ಅಂದಳು.
ಸಣ್ಣದೊಂದು ಕಲ್ಲು ಉರುಳಿ ಬಂದು
ನನ್ನ ಚಪ್ಪಲಿಯ ಹತ್ತಿರ ನಿಂತಿತು.
ಆಡಿನ ಕಾಲು ತಾಗಿರಬೇಕು.

"ಇನ್ನೊಮ್ಮೆ ಅನ್ನವ್ವ" ಅಂದೆ.
ಅನ್ನಲಿಲ್ಲ. ಬೆರಳು ಚೀಪಿದಳು.
ಬಸ್ಸು ಬಂತು.