ತಾಳೆ ನೋಡಿದವರು

ಸೇಡಂ ತಹಸೀಲ ಕಚೇರಿಯ ಹಿಂಬದಿ ಕೋಣೆ.
ಫರಸಿ ನೆಲ, ಕಬ್ಬಿಣದ ಕಪಾಟು, ಇಲಿ ಕಡಿದ ಬಸ್ತಾಗಳು.
ನಾಗೀಂದ್ರಪ್ಪ ನಕಲು ಬರೆಯುವವನು,
ನಾನು ತಾಳೆ ನೋಡುವವಳು.
ಪ್ರತಿ ಹಾಳೆಯ ಕೆಳಗೆ ಎರಡು ಸಹಿ.
ಹತ್ತೊಂಬತ್ತು ವರ್ಷ ಹೀಗೆ:
ಅವನು ಮೂಲವನ್ನು ಗಟ್ಟಿಯಾಗಿ ಓದುತ್ತಾನೆ,
ಎಡಗೆನ್ನೆಯಲ್ಲಿ ಗುಟ್ಕಾ ಒತ್ತಿಟ್ಟುಕೊಂಡು,
ನನ್ನ ಬೆರಳು ನಕಲಿನ ಮೇಲೆ ನಡೆಯುತ್ತದೆ.

"ಸರ್ವೆ ನಂಬರ್ ನೂರಾ ನಾಲ್ಕು. ಬಡಗಲಿಗೆ ಹಳ್ಳ."
ಸರಿ.
"ಮೂಡಲಿಗೆ ಖಾಜಾಸಾಬನ ಹೊಲ."
ಸರಿ.

ಕಲಬುರಗಿಯ ದವಾಖಾನೆಯಲ್ಲಿ ಗಂಗುಬಾಯಿ ಕೇಳಿದಳು,
"ಯಾಕ ಬಂತ್ರಿ ಇದು? ಯಾರಿಗಿ ಏನ್ ಮಾಡೇವ್ರಿ ನಾವು?"
ಅವಳ ಅತ್ತೆ ಹಿರಿಯರ ಶಾಪ ಅಂದಿದ್ದಳು,
ಮೈದುನ ಮೆಣಸಿನಕಾಯಿಯ ಮೇಲೆ ಹಾಕಿದ್ದ,
ಓಣಿಯವರು ಏನೂ ಅನ್ನದೆ
ಅವನ ನೀರಿನ ಲೋಟ ಬೇರೆ ಇಟ್ಟಿದ್ದರು.
"ಮೊದಲು ಆ ಲೋಟ ಒಳಗಿಡ್ರಿ," ಅಂದರು ಡಾಕ್ಟರು,
"ಇದು ಒಬ್ಬರಿಂದ ಒಬ್ಬರಿಗೆ ಹತ್ತಲ್ಲ."

ಆಮೇಲೆ ಅವರು ಚೀಟಿಯ ಹಿಂದೆ ಗೆರೆ ಎಳೆದು ಹೇಳಿದ್ದು
ನನಗೆ ನಮ್ಮ ಕಚೇರಿಯ ಮಾತಾಗಿಯೇ ಕೇಳಿಸಿತು.

ಗಲ್ಲದ ಒಳಚರ್ಮ ದಿನಾ ಸವೆಯುತ್ತದೆ, ದಿನಾ ಹೊಸದು.
ಒಂದು ಜೀವಕೋಶ ಎರಡಾಗುವಾಗ
ತನ್ನ ದಫ್ತರನ್ನೆಲ್ಲ ಕೂತು ನಕಲು ಮಾಡುತ್ತದೆ.
ಇರುವುದು ನಾಲ್ಕೇ ಅಕ್ಷರ,
ಬರೆಯಬೇಕಾದದ್ದು ಮುನ್ನೂರು ಕೋಟಿ.
ತಪ್ಪು ಬೀಳುತ್ತದೆ. ಬೀಳದೆ ಇದ್ದೀತೇ?
ಅಲ್ಲಿಯೂ ತಾಳೆ ನೋಡುವವರಿದ್ದಾರೆ, ತಿದ್ದುತ್ತಾರೆ,
ತಿದ್ದಲಾಗದ್ದಕ್ಕೆ ಎದ್ದು ಹೋಗು ಅನ್ನುತ್ತಾರೆ.
ಅದು ಹೋಗುತ್ತದೆ, ಸದ್ದಿಲ್ಲದೆ,
ನಿಮ್ಮಲ್ಲಿ, ನನ್ನಲ್ಲಿ, ಈ ಸಾಲು ಮುಗಿಯುವಷ್ಟರಲ್ಲಿ.

ಆದರೆ ಹತ್ತೊಂಬತ್ತು ವರ್ಷ ಅದೇ ಎಡಗೆನ್ನೆ.
ಅಡಿಕೆಯ ಚೂರು ಗೀರುತ್ತದೆ, ಸುಣ್ಣ ಸುಡುತ್ತದೆ,
ಗಾಯ ತುಂಬಲು ಅವಸರದ ನಕಲು,
ಅಷ್ಟರಲ್ಲಿ ತಂಬಾಕಿನ ವಿಷ ಅಕ್ಷರಕ್ಕೇ ಹೋಗಿ ಅಂಟುತ್ತದೆ,
ಎಣ್ಣೆ ಬಿದ್ದ ಪಹಣಿಯಲ್ಲಿ
ಮೂರೋ ಆರೋ ತಿಳಿಯದ ಹಾಗೆ.
ಒಂದು ತಪ್ಪಿನಿಂದ ಏನೂ ಆಗುವುದಿಲ್ಲ.
ಎರಡನೆಯದರಿಂದಲೂ ಬಹುಶಃ.
ಒಂದು ದಿನ ತಪ್ಪು ಬಿದ್ದದ್ದು
ತಾಳೆ ನೋಡುವವರನ್ನು ನೇಮಿಸುವ ಪುಟದ ಮೇಲೆ.

ಆಮೇಲೆ ಒತ್ತುವರಿ.
ಮೊದಲು ಬದು ದಾಟಿ ಒಂದು ಗೇಣು.
ಕಾವಲಿನ ತಳವಾರ ಬಂದರೆ
ಹಳೆಯ ನೆಂಟನಂತೆ ಶರಣು ಅನ್ನುತ್ತದೆ.
ಪಕ್ಕದ ರಕ್ತನಾಳದಿಂದ ಕಾಲುವೆ ಕಡಿದು
ನೀರು ತನ್ನ ಕಡೆ ತಿರುವಿಕೊಳ್ಳುತ್ತದೆ.
ಕೊನೆಗೆ ಕುತ್ತಿಗೆಯ ಗಂಟಿನಲ್ಲಿ,
ಎಂದೂ ತನ್ನದಲ್ಲದ ಊರಿನಲ್ಲಿ,
ಖಾತೆ ತೆರೆಯುತ್ತದೆ.

"ನಮ್ಮಣ್ಣ ನಲವತ್ತು ವರ್ಷ ತಿಂದಾನ, ಅವಗ್ಯಾಕ ಬಂದಿಲ್ಲ?"
ನಾಗೀಂದ್ರಪ್ಪ ಬರೆದು ತೋರಿಸಿದ.
ಅವನ ಬಾಯಿ ಎರಡು ಬೆರಳಷ್ಟೂ ತೆರೆಯುತ್ತಿರಲಿಲ್ಲ.
ಡಾಕ್ಟರು ಪೆನ್ನು ಕೆಳಗಿಟ್ಟರು:
"ಅವರ ತಪ್ಪು ಬ್ಯಾರೆ ಪುಟದಾಗ ಬಿದ್ದಿರಬೇಕು. ಇಲ್ಲಿತನಕ."

ಸೇಡಂ ಬಸ್ಸಿನಲ್ಲಿ ನನಗೆ ನೆನಪಾದದ್ದು
ಹಿಂದಿನ ವರ್ಷದ ಒಂದು ಮಧ್ಯಾಹ್ನ.
ಗೋಡೆಯ ಕನ್ನಡಿಯಲ್ಲಿ ಗಲ್ಲ ಮಗುಚಿ ಅವನು ತೋರಿಸಿದ್ದ,
"ಬೆಳ್ಳಗ ಆಗ್ಯಾದ ನೋಡ್ರಿ ಬಾಯಿ."
ಕರೆಂಟಿರಲಿಲ್ಲ. ಹೊರಗೆ ಹದಿನೇಳು ಜನ ಕಾಯುತ್ತಿದ್ದರು.
ತಲೆ ಎತ್ತದೆ ಹೇಳಿದೆ, "ಸುಣ್ಣ ಸುಟ್ಟಿರಬೇಕು."
ತಾಳೆ ನೋಡದೆ ನಾನು ಸಹಿ ಹಾಕಿದ್ದು
ಅದೊಂದೇ ಹಾಳೆ ಅಂತ ಹೇಳಲಾರೆ.

ಈಗ ಮರಳಿ ಬಂದಿದ್ದಾನೆ.
ಎದೆಯ ಮಾಂಸ ಗಲ್ಲಕ್ಕೆ ಬಂದಿದೆಯಂತೆ,
ಬಾಯೊಳಗೆ ಒಂದೆರಡು ರೋಮ ಮೊಳೆಯುತ್ತವಂತೆ,
ಹಾಗೆ ಬರೆದು ತೋರಿಸಿ ಅರ್ಧ ಮುಖದಿಂದ ನಗುತ್ತಾನೆ.
ಪ, ಬ, ಮ ಬರುವುದಿಲ್ಲ. ಪಹಣಿ ಅಂದರೆ ಹಹಣಿ.
ಹಾಗಾಗಿ ಮೂಲವನ್ನು ಈಗ ನಾನು ಓದುತ್ತೇನೆ,
ಅವನ ಬೆರಳು ನಕಲಿನ ಮೇಲೆ ನಡೆಯುತ್ತದೆ.

"ಸರ್ವೆ ನಂಬರ್ ಎಪ್ಪತ್ತೊಂದು. ಪಡುವಲಿಗೆ ಕಾಗಿಣಾ ಹೊಳೆ."
ಬೆರಳು ಮುಂದೆ.
"ವಿಸ್ತೀರ್ಣ ಮೂರು ಎಕರೆ."
ಬೆರಳು ನಿಂತಿತು.

ಇಬ್ಬರೂ ಎದ್ದು
ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆವು.